ಇನ್ಸ್‌ಪೆಕ್ಟರ್ ಕೂತ ಜಾಗ

ನಮ್ಮಣ್ಣ ಹೊಟ್ಟೆ ಹೊರೆದದ್ದು ಸತ್ತ ಹಕ್ಕಿಗಳನ್ನು ಹುಡುಕಿ. ಹೀಗಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಮೂಗು ಮುರಿಯುತ್ತಾರೆ. ನಕ್ಕವರಿಗೂ ಮೂಗು ಮುರಿದವರಿಗೂ ನಾನು ಸರಿಯಾಗಿಯೇ ಉತ್ತರ ಕೊಟ್ಟಿದ್ದೇನೆ. ಬಟ್ಟೆ ಹೊಲಿಯುವ ಇವಳ ಬಾಯಿ ಕತ್ತರಿಗಿಂತ ಹರಿತ ಎಂದು ನಮ್ಮ ಬೀದಿಯಲ್ಲಿ ಹೆಸರಾದದ್ದು ಹಾಗೆ. ಅಣ್ಣನನ್ನು ಬೈಯುವ ಹಕ್ಕು ಇರುವುದು ನನಗೊಬ್ಬಳಿಗೇ. ಈಗ ಅದನ್ನೇ ಮಾಡಲು ಕೂತಿದ್ದೇನೆ.

ನಮ್ಮ ಬೀದಿ ಮುಗಿದಲ್ಲಿ ಮರಳುಗಾಡು ಶುರು. ಅದರ ಮೇಲೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು. ಅದರಾಚೆ ಒಂದಷ್ಟು ಬಯಲು, ಆಮೇಲೆ ಉಪ್ಪುನೀರಿನ ಕೆರೆ. ಚಳಿ ಶುರುವಾಗುವ ಹೊತ್ತಿಗೆ ಎಲ್ಲೆಲ್ಲಿಂದಲೋ ನೀರುಹಕ್ಕಿಗಳು ಆ ಕೆರೆಗೆ ಬರುತ್ತವೆ. ದಿನಗಟ್ಟಲೆ ಹಾರಿ ದಣಿದ ಹಕ್ಕಿಗೆ ಮೇಲಿನಿಂದ ಈ ಫಲಕಗಳೂ ನೀರಿನ ಹಾಗೆಯೇ ಹೊಳೆಯುತ್ತವಂತೆ. ಇಳಿಯಲು ಹೋಗಿ ಗಾಜಿಗೆ ಬಡಿದು ಬೀಳುತ್ತವೆ. ಬಡಿದೂ ಬದುಕಿದ ಕೆಲವು ಜಾತಿಯವಕ್ಕೆ ನೆಲದಿಂದ ಮೇಲೇಳಲು ಬರುವುದಿಲ್ಲ. ಅವುಗಳ ಕಾಲು ಈಜುವುದಕ್ಕೆಂದು ಇರುವಂಥದ್ದು, ನೀರಿನ ಮೇಲೆ ಓಡಿಯೇ ಅವು ಹಾರಬೇಕು. ಹಾಗಾಗಿ ಫಲಕಗಳ ಕೆಳಗೆ ತೆವಳಿಕೊಂಡು ಹೋಗಿ ಬಾಯಾರಿ ಸಾಯುತ್ತವೆ.

ಇದು ಎಷ್ಟು ನಡೆಯುತ್ತಿದೆ ಎಂದು ವರ್ಷವರ್ಷವೂ ಲೆಕ್ಕ ಕೊಡಬೇಕು ಎಂಬ ಷರತ್ತಿನ ಮೇಲೆ ಕಂಪನಿಗೆ ಜಾಗ ಸಿಕ್ಕಿತ್ತು. ಲೆಕ್ಕದ ಹೊಣೆ ಒಬ್ಬ ಮೇಡಂ ಅವರದು. ಸೋಲಾರ್ ಬಂದಮೇಲೆ ಅಲ್ಲಿನ ಹಕ್ಕಿಗೆ, ಹಲ್ಲಿಗೆ, ಗಿಡಕ್ಕೆ, ಮಣ್ಣಿಗೆ ಏನಾಗುತ್ತಿದೆ ಎಂದು ನೋಡುವುದೇ ಅವರ ಉದ್ಯೋಗ. ಎಲ್ಲರೂ ಅವರನ್ನು ಹಕ್ಕಿ ಮೇಡಂ ಎನ್ನುತ್ತಿದ್ದರು.

ಅಣ್ಣ ಮೊದಲು ಅಲ್ಲಿ ಫಲಕ ತೊಳೆಯುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ದಾರಿಯಲ್ಲಿ ಸತ್ತ ಹಕ್ಕಿ ಕಂಡರೆ ಇಳಿದು, ಎತ್ತಿಕೊಂಡು, ಯಾರೂ ಹೇಳದಿದ್ದರೂ ಮೇಡಂ ಕಚೇರಿಗೆ ಕೊಟ್ಟು ಬರುತ್ತಿದ್ದ. ಮದುವೆ ಗಿದುವೆ ಎಂದರೆ ಮಾರು ದೂರ ಓಡುತ್ತಿದ್ದ ಆಸಾಮಿ. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವನ ವಾಸ. ಮನುಷ್ಯರ ಜೊತೆ ಒಂದು ಮಾತಿಗೆ ಎರಡು ಮಾತು ಆಡಿದವನಲ್ಲ. ಇಂಥವನ ಕೈಗೆ ಮೇಡಂ ಒಂದು ನಾಯಿಯ ಹಗ್ಗ ಕೊಟ್ಟರು ನೋಡಿ, ಆಸಾಮಿಯೇ ಬದಲಾಗಿಬಿಟ್ಟ.

ನಾಯಿ ಬಂದದ್ದು ದೂರದ ತರಬೇತಿ ಕೇಂದ್ರದಿಂದ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ಸತ್ತ ಹಕ್ಕಿಯ ವಾಸನೆ ಹಿಡಿದು ಹೋಗಿ, ಬೊಗಳದೆ, ಮುಟ್ಟದೆ ಅದರ ಪಕ್ಕದಲ್ಲಿ ಕೂರುವುದು ಅದಕ್ಕೆ ಕಲಿಸಿದ ವಿದ್ಯೆ. ಕೂತ ತಕ್ಷಣ ಅಣ್ಣ ರಬ್ಬರ್ ಚೆಂಡು ಎಸೆಯಬೇಕು, ಅದೇ ಅದರ ಸಂಬಳ. ಕೂತು ಅವನ ಮುಖ ನೋಡುವ ಠೀವಿ ಕಂಡು ನಮ್ಮ ಯಜಮಾನರು ‘ಇನ್ಸ್‌ಪೆಕ್ಟರ್’ ಎಂದು ಹೆಸರಿಟ್ಟರು. ಹೆಣ್ಣು ನಾಯಿ. ‘ಅದು’ ಎಂದರೆ ಅಣ್ಣನಿಗೆ ಮುಖ ಗಂಟು. ಅವನಿಗೆ ಅವಳು ‘ಅವಳು’.

ಬೆಳಕು ಹರಿಯುವ ಮುಂಚೆ ಇಬ್ಬರೂ ಹೊರಡುತ್ತಿದ್ದರು. ಗಾಳಿ ಯಾವ ಕಡೆಯಿಂದ ಎಂದು ಅಣ್ಣ ಒಂದು ಹಿಡಿ ಮಣ್ಣು ತೂರಿ ನೋಡುತ್ತಿದ್ದ. ಗಾಳಿಗೆ ಅಡ್ಡಲಾಗಿ ಸಾಲಿನಿಂದ ಸಾಲಿಗೆ ನಡಿಗೆ. ಇನ್ಸ್‌ಪೆಕ್ಟರ್ ಕೂತಲ್ಲಿ ಫೋಟೋ ತೆಗೆದು, ರೆಕ್ಕೆ ಅಳೆದು, ಚೀಟಿ ಕಟ್ಟಿ ಚೀಲಕ್ಕೆ ಹಾಕುವುದು. ಬಿಸಿಲೇರಿ ಮರಳು ಕಾದರೆ ಅದರ ಕಾಲು ಸುಡುತ್ತದೆಂದು ನನ್ನ ಕೈಯಲ್ಲಿ ದಪ್ಪ ಬಟ್ಟೆಯ ನಾಲ್ಕು ಬೂಟು ಹೊಲಿಸಿದ. ಬಾಗಿಲಲ್ಲಿ ಗಿರಾಕಿಗಳು ಕಾಯುತ್ತಿದ್ದರೆ ನಾನು ನಾಯಿಯ ಪಾದದ ಅಳತೆ ತೆಗೆದುಕೊಳ್ಳುತ್ತಿದ್ದೆ! ಎರಡು ಸಲ ಬಿಚ್ಚಿಸಿ ಹೊಲಿಸಿದ ಮಹಾರಾಯ, ತನ್ನ ಅಂಗಿಯ ಗುಂಡಿ ಹೋಗಿ ತಿಂಗಳಾದರೂ ಕೇಳಿದವನಲ್ಲ.

ಎಲ್ಲ ದಿನವೂ ಹಕ್ಕಿ ಸಿಗುವುದಿಲ್ಲವಲ್ಲ. ಬೇಸಿಗೆಯಲ್ಲಿ ವಾರಗಟ್ಟಲೆ ಏನೂ ಸಿಗದೆ ಹೋದರೆ ಇಂಥ ನಾಯಿಗೆ ಕೆಲಸವೇ ಬೇಸರವಾಗಿಬಿಡುತ್ತದೆ. ಅದಕ್ಕೆ ಅಂಥ ದಿನ ಕೊನೆಯಲ್ಲಿ ನಾವೇ ಒಂದು ಸತ್ತ ಹಕ್ಕಿಯನ್ನು ಅಡಗಿಸಿಟ್ಟು, ಹುಡುಕಿಸಿ, ಬೆನ್ನು ತಟ್ಟಿ ಕರೆತರಬೇಕು. ಆ ಹಕ್ಕಿ ಲೆಕ್ಕಕ್ಕೆ ಸೇರುವುದಿಲ್ಲ, ಬರೀ ನಾಯಿಯ ಸಂತೋಷಕ್ಕೆ. ಅದೆಲ್ಲ ಸರಿ. ಆದರೆ ಆ ಸಂತೋಷದ ಹಕ್ಕಿ ಇರುತ್ತಿದ್ದದ್ದು ಎಲ್ಲಿ? ನನ್ನ ಫ್ರಿಜ್ಜಿನಲ್ಲಿ!

“ಅಣ್ಣ, ಐಸ್ ತೆಗೆಯೋಣ ಅಂತ ಕೈ ಹಾಕಿದ್ರೆ ಕಾಲು ಸಿಕ್ತು ನನಗೆ!”

“ಡಬ್ಬಿ ಮೇಲೆ ಬರ್ದಿದ್ನಲ್ಲೇ.”

“ಏನಂತ? ‘ಇನ್ಸ್‌ಪೆಕ್ಟರ್’ ಅಂತ! ಮನೆಗೆ ಬಂದೋರು ಓದಿದ್ರೆ ಏನು ತಿಳ್ಕೋಬೇಕು?”

ಯಜಮಾನರು ಪೇಪರಿನಿಂದ ತಲೆಯೆತ್ತದೆ, “ಬಿಡಿ ಭಾವ, ಪೊಲೀಸಿನೋರು ಈ ಬೀದಿಗೆ ಯಾಕೆ ಬರಲ್ಲ ಅಂತ ಈಗ ಗೊತ್ತಾಯ್ತು” ಎಂದರು. ಅಣ್ಣ ನಕ್ಕ. ಆ ವರ್ಷಗಳಲ್ಲಿ ಅವನು ನಗುತ್ತಿದ್ದ, ಅದನ್ನು ಹೇಳಲೇಬೇಕು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಂಥ ನಾಯಿಯೂ ಸತ್ತ ಹಕ್ಕಿಯನ್ನೆಲ್ಲ ಹುಡುಕಿಬಿಡುವುದಿಲ್ಲ. ಎಷ್ಟು ತಪ್ಪುತ್ತವೆ ಎಂದು ತಿಳಿಯಲು ಮೇಡಂ ಪ್ರತಿ ಚಳಿಗಾಲ ಒಂದು ಪರೀಕ್ಷೆ ಇಡುತ್ತಿದ್ದರು. ಅಣ್ಣನಿಗೆ ಹೇಳದೆ ಒಂದಷ್ಟು ಸತ್ತ ಹಕ್ಕಿಗಳನ್ನು ಸಾಲುಗಳಲ್ಲಿ ಇಟ್ಟು ಬರುವುದು. ಇಟ್ಟದ್ದರಲ್ಲಿ ಅರ್ಧ ಸಿಕ್ಕಿದರೆ, ನಿಜವಾಗಿ ಸತ್ತ ಹಕ್ಕಿಗಳು ಸಿಕ್ಕಿದ್ದರ ಎರಡರಷ್ಟು ಎಂದು ಲೆಕ್ಕ. ಇಟ್ಟದ್ದೆಲ್ಲ ಸಿಕ್ಕಿದರೆ, ಸಿಕ್ಕಿದಷ್ಟೇ ಸತ್ತವು ಎಂದು ಲೆಕ್ಕ.

ಇನ್ಸ್‌ಪೆಕ್ಟರ್ ಬಂದು ಎಷ್ಟೋ ವರ್ಷವಾದ ಮೇಲೆ ಒಂದು ವರ್ಷ ಕಂಪನಿಯವರು ಪ್ರತಿ ಫಲಕದ ಅಂಚಿಗೆ ಬಿಳಿ ಪಟ್ಟಿ ಅಂಟಿಸಿದರು. ಪಟ್ಟಿ ಕಂಡರೆ ಹಕ್ಕಿಗೆ ಇದು ನೀರಲ್ಲ ಎಂದು ಗೊತ್ತಾಗಬಹುದು ಎಂಬ ಆಸೆ. ಪಟ್ಟಿಯಿಂದ ಸಾವು ಕಡಿಮೆಯಾಯಿತು ಎಂದು ಲೆಕ್ಕ ತೋರಿಸಿದರೆ, ಉಳಿದ ಬಯಲಿನಲ್ಲೂ, ಕೆರೆಯ ದಂಡೆಯವರೆಗೂ, ಫಲಕ ಹಾಕಲು ಅನುಮತಿ. ಇಲ್ಲವಾದರೆ ಇಲ್ಲ. ಊರೆಲ್ಲ ಇದೇ ಮಾತು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲವೂ ನಿಂತಿದ್ದು ನಮ್ಮ ಇನ್ಸ್‌ಪೆಕ್ಟರಿನ ಮೂಗಿನ ಮೇಲೆ.

ಆ ಮೂಗು ಹೋಗಿದೆ ಎಂದು ಮೊದಲು ಕಂಡದ್ದು ನನಗೆ, ಅಡುಗೆಮನೆಯಲ್ಲಿ. ನಾನು ಮೊಟ್ಟೆ ಒಡೆದರೆ ಬೀದಿಯ ಆ ತುದಿಯಿಂದ ಓಡಿಬರುತ್ತಿದ್ದ ನಾಯಿ, ಒಲೆಯ ಮೇಲೆ ಮಾಂಸ ಬೇಯುತ್ತಿದ್ದರೂ ಬಾಗಿಲಲ್ಲೇ ಮಲಗಿತ್ತು. ಒಂದು ತುಂಡು ಅದರ ಹಿಂದೆ ಹಾಕಿದೆ. ತಿರುಗಲಿಲ್ಲ. ಕಣ್ಣೆದುರು ಹಿಡಿದಾಗ ಗಬಕ್ಕನೆ ತಿಂದಿತು. ವಯಸ್ಸಾಗಿತ್ತು ಪಾಪ, ಮೂತಿಯೆಲ್ಲ ಬೆಳ್ಳಗಾಗಿತ್ತು.

“ಅಣ್ಣ, ಇದಕ್ಕೆ ವಾಸನೆ ಹತ್ತುತಾ ಇಲ್ಲ ಕಣೋ.”

“ನಿನ್ನ ಅಡುಗೆ ವಾಸನೆಗೆ ಬೇಸತ್ತಿದಾಳೆ.”

“ತಮಾಷೆ ಅಲ್ಲ. ಮೇಡಂಗೆ ಒಂದು ಮಾತು ಹೇಳು.”

“ಏನಂತ ಹೇಳಲಿ? ಹೇಳಿದ್ರೆ ಏನಾಗತ್ತೆ ಗೊತ್ತಾ? ಅವಳು ನಮ್ಮೋಳಲ್ಲ. ಕೆಲಸಕ್ಕೆ ಬಾರದ ನಾಯಿನ ಕೇಂದ್ರಕ್ಕೆ ವಾಪಸ್ ಕಳಿಸಬೇಕು, ಹಾಗಂತ ನನ್ನ ಕೈಲಿ ಸಹಿ ಹಾಕಿಸ್ಕೊಂಡಿದಾರೆ. ಅಲ್ಲಿ ಪಂಜರದಲ್ಲಿ ಹಾಕಿಬಿಡ್ತಾರೆ ಅವಳನ್ನ.” ಊಟ ಬಿಟ್ಟು ಎದ್ದುಹೋದ.

ಆ ಚಳಿಗಾಲದ ಪರೀಕ್ಷೆ ನಡೆಯಿತು. ಇಟ್ಟ ಹಕ್ಕಿ ಇಟ್ಟ ಹಾಗೆಯೇ ಎಲ್ಲವೂ ಸಿಕ್ಕಿದವು! ಹಿಂದೆ ಯಾವ ವರ್ಷವೂ ಹಾಗಾಗಿರಲಿಲ್ಲ. ಅಣ್ಣ ಸಿಹಿ ಪೊಟ್ಟಣ ಹಿಡಿದುಕೊಂಡು ಬಂದು ನನ್ನ ಹೊಲಿಗೆ ಯಂತ್ರದ ಮೇಲೆ ಕುಕ್ಕಿದ. “ಮೂಗು ಹೋಗಿದೆ ಅಂದ್ಯಲ್ಲ, ತಿನ್ನು ಈಗ. ನಿನ್ನ ನಾಲಿಗೆಗಾದ್ರೂ ಸ್ವಲ್ಪ ಸಿಹಿ ತಾಗಲಿ.”

ಸಿಹಿ ತಿಂದೆ. ಆದರೆ ನನ್ನ ಕಣ್ಣು ನನಗೆ ಸುಳ್ಳು ಹೇಳಿರಲಿಲ್ಲವಲ್ಲ. ಮೂರು ದಿನ ಮನಸ್ಸಿನಲ್ಲಿ ಅದೇ ಕೊರೆಯಿತು. ಭಾನುವಾರ ಅಣ್ಣ ಸ್ನಾನಕ್ಕೆ ಹೋದಾಗ ಫ್ರಿಜ್ಜಿನ ಡಬ್ಬಿಯಿಂದ ಆ ಹಕ್ಕಿ ತೆಗೆದು ಹಿತ್ತಲಿನ ಚಿಂದಿ ಬಟ್ಟೆಯ ಮೂಟೆಯ ಹಿಂದೆ ಇಟ್ಟೆ. ಅವನು ಬಂದಮೇಲೆ, “ಹಿತ್ತಲಲ್ಲಿ ನಿನ್ನ ಹಕ್ಕಿ ಅಡಗಿಸಿದೀನಿ, ಹುಡುಕಿಸು ನೋಡೋಣ” ಎಂದೆ.

ಇಬ್ಬರೂ ಹಿತ್ತಲು ಸುತ್ತಿದರು. ನೀರಿನ ಡ್ರಮ್ಮು, ಹಳೇ ಸೈಕಲ್ಲು, ಬಟ್ಟೆ ಒಗೆಯುವ ಕಲ್ಲು, ಚಿಂದಿ ಮೂಟೆ. ಇನ್ಸ್‌ಪೆಕ್ಟರ್ ಮೂಟೆಗೆ ಬಾಲ ತಾಗಿಸಿಕೊಂಡೇ ದಾಟಿ ಹೋಯಿತು. ಎರಡನೆಯ ಸುತ್ತಿನಲ್ಲೂ ಅಷ್ಟೇ.

“ಗಾಳಿ ಇಲ್ಲ ಇಲ್ಲಿ, ನಾಲ್ಕು ಕಡೆ ಗೋಡೆ” ಎಂದ ಅಣ್ಣ.

“ಹೋಗಲಿ, ಮೂಟೆ ಹಿಂದೆ ಇದೆ. ಇನ್ನೊಂದು ಸಲ ಕರ್ಕೊಂಡು ಹೋಗು. ಬಾಯಿ ಬಿಡಬೇಡ, ಕೈ ತೋರಿಸಬೇಡ.”

ಅವನು ಬಾಯಿ ಬಿಡಲಿಲ್ಲ, ಕೈಯನ್ನೂ ತೋರಿಸಲಿಲ್ಲ. ಇನ್ಸ್‌ಪೆಕ್ಟರ್ ಸೀದಾ ಹೋಗಿ ಮೂಟೆಯ ಪಕ್ಕ ಕೂತಿತು. “ನೋಡಿದ್ಯಾ!” ಎಂದು ಅಣ್ಣ ಚೆಂಡು ಎಸೆದ. ಅವನ ಮುಖದ ಮೇಲಿನ ಆ ಬೆಳಕು ನೋಡಿ ನನಗೆ ಅಲ್ಲಿಗೇ ನಿಲ್ಲಿಸಿಬಿಡೋಣ ಅನ್ನಿಸಿತು. ಆದರೂ ಇಬ್ಬರನ್ನೂ ಮುಂದಿನ ಕೋಣೆಗೆ ಕಳಿಸಿ, ಹಕ್ಕಿಯನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಫ್ರಿಜ್ಜಿಗೆ ಸೇರಿಸಿ, ಇಬ್ಬರನ್ನೂ ಮತ್ತೆ ಹಿತ್ತಲಿಗೆ ಕರೆದೆ.

“ಈಗ ಡ್ರಮ್ಮಿನ ಹಿಂದೆ ಇಟ್ಟಿದೀನಿ.”

ಮತ್ತೆ ಸುತ್ತಿದರು. ಡ್ರಮ್ಮು ಹತ್ತಿರ ಬರುತ್ತಿದ್ದ ಹಾಗೆ ಅಣ್ಣನ ಹೆಜ್ಜೆ ಒಂದು ಕೂದಲೆಳೆಯಷ್ಟು ನಿಧಾನವಾಯಿತು. ಅವನಿಗೆ ಅದು ಗೊತ್ತೇ ಆಗಲಿಲ್ಲ. ಇನ್ಸ್‌ಪೆಕ್ಟರ್ ತಲೆಯೆತ್ತಿ ಅವನ ಮುಖ ನೋಡಿತು, ಡ್ರಮ್ಮಿನ ಹಿಂದೆ ಹೋಗಿ ಕೂತಿತು. ಅಣ್ಣ ಬಗ್ಗಿ ನೋಡಿದ. ಡ್ರಮ್ಮನ್ನು ಓರೆ ಮಾಡಿ ಅಡಿಯಲ್ಲೂ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಎಲ್ಲೇ?”

“ಫ್ರಿಜ್ಜಲ್ಲಿ.”

ಅವನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. ನಾಯಿ ಚೆಂಡಿಗಾಗಿ ಕಾಯುತ್ತಾ ಬಾಲ ಅಲ್ಲಾಡಿಸುತ್ತಿತ್ತು. “ನಾನೇನೂ ಹೇಳ್ಲಿಲ್ಲ ಕಣೇ ಅವಳಿಗೆ” ಎಂದ. “ನೀನು ಹೇಳ್ಲಿಲ್ಲ ಅಣ್ಣ, ನಿನ್ನ ಕಾಲು ಹೇಳ್ತು” ಎಂದೆ.

ಎಲ್ಲವೂ ಆಗ ಅವನಿಗೆ ಹೊಳೆಯಿತು. ಮೇಡಂ ಇಟ್ಟ ಹಕ್ಕಿಗಳು ಸಾಲಿನ ಮಧ್ಯೆ, ಕಣ್ಣಿಗೆ ಕಾಣುವ ಹಾಗೆ ಇದ್ದವು. ಟ್ರ್ಯಾಕ್ಟರ್ ಮೇಲಿಂದ ಗುಬ್ಬಚ್ಚಿಯ ಗರಿ ಗುರುತಿಸುತ್ತಿದ್ದ ಕಣ್ಣು ಅವನದು. ಕಂಡ ಕೂಡಲೇ ಹೆಜ್ಜೆ ತಡೆದಿದೆ, ಹೆಜ್ಜೆ ತಡೆದಲ್ಲಿ ನಾಯಿ ಕೂತಿದೆ. ನಿಜವಾಗಿ ಬಡಿದು ಬಿದ್ದು ಸಾಯುವ ಹಕ್ಕಿಯೋ ನೆರಳು ಹುಡುಕಿಕೊಂಡು ಕಂಬದ ಹಿಂದಕ್ಕೆ, ಕುರುಚಲು ಗಿಡದ ಬುಡಕ್ಕೆ ತೂರಿಕೊಳ್ಳುತ್ತದೆ. ಅದನ್ನು ಕಣ್ಣು ಹಿಡಿಯುವುದಿಲ್ಲ, ಮೂಗೇ ಹಿಡಿಯಬೇಕು. ಆ ಚಳಿಗಾಲ ನಾಯಿ ದಾಟಿಕೊಂಡು ಹೋದ ಹಕ್ಕಿಗಳೆಷ್ಟೋ. ಸಾವು ಕಡಿಮೆಯಾಗಿದೆ ಎಂದು ಲೆಕ್ಕ ತೋರಿಸುತ್ತಿತ್ತು.

ಇಲ್ಲಿಯವರೆಗೆ ನಡೆದದ್ದಕ್ಕೆ ನಾನು ಅವನನ್ನು ಬೈಯುವುದಿಲ್ಲ. ಗೊತ್ತಿಲ್ಲದೆ ಆದದ್ದು. ಬೈಯುವುದು ಇನ್ನು ಮುಂದಿನದಕ್ಕೆ.

“ನಾಳೆ ಹೇಳ್ತೀನಿ” ಎಂದ. ನಾಳೆ ಬಂತು, ಹೋಯಿತು. ವರದಿ ಕಳಿಸಲು ಇನ್ನೂ ಹದಿನೈದು ದಿನ ಇತ್ತು. ದಿನವೂ ಬೆಳಗ್ಗೆ ನಾನು ಅವನ ಪ್ರಾಣ ತಿಂದೆ, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಜಮಾನರು ಮೆತ್ತಗೆ, “ಭಾವ, ಫಲಕ ಕೆರೆ ಹತ್ತಿರ ಹೋದ್ರೆ ಇದಕ್ಕಿಂತ ಹೆಚ್ಚು ಹಕ್ಕಿ ಸಾಯಲ್ವಾ?” ಎಂದು ಕೇಳಿದರು. ಅಣ್ಣ ತಟ್ಟೆ ನೋಡಿಕೊಂಡು, “ಪಟ್ಟಿ ನಿಜವಾಗ್ಲೂ ಕೆಲಸ ಮಾಡ್ತಿರಬಹುದು” ಎಂದ. ಅವನಿಗೇ ಅದರಲ್ಲಿ ನಂಬಿಕೆ ಇರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ವರದಿಗೆ ಮುಂಚೆ ಒಂದು ಸಂಜೆ ಮೇಡಂ ತಾವಾಗಿಯೇ ನಮ್ಮ ಮನೆಗೆ ಬಂದರು. ಅಣ್ಣನ ಕೋಣೆಯಲ್ಲಿ ಕೂತು ಇನ್ಸ್‌ಪೆಕ್ಟರಿನ ಕಿವಿ ಸವರುತ್ತಾ, “ಈ ವರ್ಷದ ಕೆಲಸ ಎಲ್ಲಾ ಇವಳದ್ದೇ. ಇಂಥ ಫಲಿತಾಂಶ ನಾನು ನೋಡೇ ಇಲ್ಲ” ಎಂದರು. ಅಣ್ಣನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗಬೇಕು? ಟೀ ಮಾಡುವ ನೆಪ ಹೇಳಿ ಎದ್ದು ಹೋದೆ. ಒಲೆಯ ಮುಂದೆ ನಿಂತು ಬೇಕೆಂದೇ ಎರಡೆರಡು ಸಲ ಕುದಿಸಿದೆ. ಹೇಳು ಅಣ್ಣ, ಹೇಳಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಲೋಟ ಹಿಡಿದು ಬಂದಾಗ ಇಬ್ಬರೂ ಬೂಟಿನ ವಿಷಯ ಮಾತಾಡುತ್ತಿದ್ದರು. “ಎಷ್ಟು ಚೆನ್ನಾಗಿ ಹೊಲಿದಿದೀರಿ” ಎಂದು ಮೇಡಂ ನನ್ನನ್ನು ಹೊಗಳಿದರು. ಟೀ ಕುಡಿದು, ನಾಯಿಯ ತಲೆ ತಟ್ಟಿ ಹೊರಟುಹೋದರು. ಬಾಗಿಲು ಹಾಕಿಕೊಂಡು ಬಂದು ನಾನು ಕೇಳಿದೆ, “ಹೇಳಿದ್ಯಾ?”

“ಬಾಯಿವರೆಗೂ ಬಂತು. ಅವಳು ನನ್ನ ಕಾಲ ಮೇಲೆ ತಲೆ ಇಟ್ಕೊಂಡು ಮಲಗಿದ್ಲು.”

“ಥೂ ನಿನ್ನ!” ಎಂದೆ. ಅಷ್ಟೇ ಹೊರಟಿತು ಬಾಯಿಂದ.

ವರದಿ ಹೋಯಿತು, ಅನುಮತಿ ಬಂತು. ಬೇಸಿಗೆ ಪೂರ್ತಿ ಲಾರಿಗಳು ನಮ್ಮ ಬೀದಿಯ ಕೊನೆಯಲ್ಲಿ ಧೂಳೆಬ್ಬಿಸಿಕೊಂಡು ಓಡಾಡಿದವು. ಕಂಬ ನೆಟ್ಟರು, ಚೌಕಟ್ಟು ಕೂರಿಸಿದರು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ನಾನು ನೋಡುತ್ತಿದ್ದೆ. ಫಲಕಗಳ ಹೊಳಪು ವಾರವಾರಕ್ಕೂ ಕೆರೆಯ ಕಡೆ ಸರಿಯುತ್ತಿತ್ತು. ಕೊನೆಗೊಂದು ದಿನ ಫಲಕ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂದು ಮಾಳಿಗೆಯಿಂದ ನನಗೇ ತಿಳಿಯಲಿಲ್ಲ. ಕೆಳಗಿಳಿದು ಬಂದು ಅಣ್ಣನಿಗೆ ಅದನ್ನು ಹೇಳಿದೆ. ಅವನು ಅಂಗಿ ಹಾಕಿಕೊಂಡು, “ಬಾ, ನೀನೂ ಜೊತೆಗೆ ಬಾ” ಎಂದ.

ಮೇಡಂ ಕಚೇರಿ ಎಂದರೆ ಒಂದು ತಗಡಿನ ಕೋಣೆ. ಮೇಜಿನ ಮೇಲೆ ತೂಕದ ಯಂತ್ರ, ಮೂಲೆಯಲ್ಲಿ ಹಕ್ಕಿಗಳ ಐಸ್ ಪೆಟ್ಟಿಗೆ, ಗೋಡೆಗೆ ಸಾಲುಗಳ ನಕ್ಷೆ. ಅಣ್ಣ ನಿಂತುಕೊಂಡೇ ಎಲ್ಲ ಹೇಳಿದ. ಹಿತ್ತಲಿನ ಡ್ರಮ್ಮಿನದನ್ನೂ ಬಿಡಲಿಲ್ಲ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ಚೆನ್ನಾಗಿತ್ತು.

“ನಾನು ಹಕ್ಕಿ ಇಟ್ಟ ಜಾಗಾನೂ ಸರಿ ಇರ್ಲಿಲ್ಲ” ಎಂದರು. “ಮರೆಯಲ್ಲಿ ಇಡಬೇಕಿತ್ತು. ಆದ್ರೆ ಆವತ್ತು ಮನೇಲಿ ಒಂದು ಮಾತು ಹೇಳಿದ್ರೆ ನಾನು ವರದಿ ತಡೀತಿದ್ದೆ. ಇನ್ನೊಂದು ವರ್ಷ ನೋಡಬೇಕು ಅಂತಿದ್ದೆ.”

“ಅವಳನ್ನ ಕರ್ಕೊಂಡು ಹೋಗಿಬಿಡ್ತಾರೆ ಅಂತ ಭಯ ಆಯ್ತು ಮೇಡಂ.”

“ಕೇಳಿದ್ರೆ ನಿಮಗೇ ಬಿಡ್ತಿದ್ರೋ ಏನೋ. ಬಿಡದೆಯೂ ಇರಬಹುದಿತ್ತು. ನಾನಾದ್ರೂ ಕೇಳ್ತಿದ್ದೆ.”

ಅವರು ಆಮೇಲೆ ನಿಜವಾಗಿಯೂ ಕೇಳಿದರು. ಕೇಂದ್ರದವರು ಮುದಿ ನಾಯಿಯನ್ನು ನೀವೇ ಇಟ್ಟುಕೊಳ್ಳಿ ಎಂದು ಫೋನಿನಲ್ಲೇ ಹೇಳಿಬಿಟ್ಟರು. ಈ ಸುದ್ದಿ ತಿಳಿದ ದಿನ ಅಣ್ಣ ಅತ್ತ ಹಾಗೆ ಅಪ್ಪ ಸತ್ತಾಗಲೂ ಅತ್ತಿರಲಿಲ್ಲ. ಸಂತೋಷಕ್ಕಲ್ಲ. ನನಗೆ ಅವನ ಮೇಲೆ ಕೆಂಡದಂಥ ಸಿಟ್ಟಿತ್ತು, ಆದರೂ ಪಕ್ಕದಲ್ಲಿ ಹೋಗಿ ಕೂತೆ.

ಕಂಪನಿಗೂ ಸರ್ಕಾರಕ್ಕೂ ಮೇಡಂ ತಿದ್ದುಪಡಿ ಬರೆದರು. ನೆಟ್ಟ ಕಂಬ ಯಾರು ಕೀಳುತ್ತಾರೆ? ಹೊಸ ಜಾಗದಲ್ಲಿ ಸರಿಯಾದ ಲೆಕ್ಕವಾದರೂ ಆಗಲಿ ಎಂದು ಕೇಂದ್ರದಿಂದ ಎಳೇ ನಾಯಿಯೊಂದನ್ನೂ ಅದನ್ನು ನಡೆಸುವ ಹೆಂಗಸನ್ನೂ ಕರೆಸಿದರು. ಅಣ್ಣನಿಗೆ ಆ ನಾಯಿಯನ್ನೇ ಕೊಡುತ್ತೇನೆ ಎಂದಿದ್ದರು, ಅವನು ಒಪ್ಪಲಿಲ್ಲ. ಮತ್ತೆ ಟ್ರ್ಯಾಕ್ಟರ್ ಹತ್ತಿದ. ಚಳಿ ಶುರುವಾಗಿ ಹಕ್ಕಿಗಳು ಬರತೊಡಗಿದ ಮೇಲೆ ಒಂದು ದಿನ ಮಾತ್ರ, ಕೆರೆ ಕಡೆಯ ಹೊಸ ಸಾಲುಗಳ ಪರಿಚಯ ಮಾಡಿಕೊಡಲು ಆ ಹೆಂಗಸಿನ ಜೊತೆ ಹೋಗಿ ಬನ್ನಿ ಎಂದು ಮೇಡಂ ಕೇಳಿಕೊಂಡರು.

ಬೆಳಿಗ್ಗೆ ಹೋದವನು ಬಿಸಿಲು ನೆತ್ತಿಗೇರಿದ ಮೇಲೆ ಬಂದ. ಚಪ್ಪಲಿ ಬಿಡದೆ ಹಾಗೇ ಬಾಗಿಲಲ್ಲಿ ಕೂತ. ನಾನು ನೀರು ತಂದುಕೊಟ್ಟೆ. ಲೋಟ ಕೈಯಲ್ಲಿ ಹಿಡಿದುಕೊಂಡೇ ಇದ್ದ.

“ನೀನು ಹಕ್ಕಿ ಕಂಡಲ್ಲಿ ಹೆಜ್ಜೆ ತಡೆದ್ಯೋ ಏನೋ” ಎಂದೆ.

“ಇಲ್ಲ. ಹಿಂದೆ ಹಿಂದೆ ನಡೆದೆ, ಆಕಾಶ ನೋಡ್ಕೊಂಡು.”

“ಎಷ್ಟು ಸಾಲು ಆಯ್ತು?”

“ಒಂದು.”

“ಬೆಳಗಿಂದ ಒಂದೇ ಸಾಲಾ? ಯಾಕೆ, ಆ ನಾಯಿಗೆ ನಡೆಯೋಕೆ ಬರಲ್ವಾ?”

“ಬರತ್ತೆ. ಎರಡು ಹೆಜ್ಜೆ ನಡೆಯೋದು, ಕೂರೋದು. ಎದ್ದು ಎರಡು ಹೆಜ್ಜೆ, ಮತ್ತೆ ಕೂರೋದು. ಆ ಹೆಂಗಸಿಗೆ ಚೆಂಡು ಎಸೆದೂ ಎಸೆದೂ ಕೈ ಸೋತು ಹೋಯ್ತು ಕಣೇ.”